ತುಮಕೂರು, ಗುಬ್ಬಿ, ಕುಣಿಗಲ್: ಬಹುಭಾಷಿಕ ಊರುಗಳ ಭಾಷಾಧೋರಣೆ ಮತ್ತು ಗುರುತು

ತುಮಕೂರು ನಗರ, ಅದರ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿ, ದಕ್ಷಿಣಕ್ಕಿರುವ ಕುಣಿಗಲ್ ಇವು ಮೂರೂ ಗಡಿಯೂರುಗಳಲ್ಲ, ಕನ್ನಡನಾಡಿನ ಒಳಗಿನ ಪೇಟೆಗಳು. ಸಂತೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ನಡೆಯುವುದು ಕನ್ನಡವೇ. ಆದರೆ ಈ ಊರುಗಳ ಮನೆಗಳೊಳಗೆ ದಖನಿ ಇದೆ, ತೆಲುಗು ಇದೆ, ತಮಿಳಿನ ಒಳನುಡಿಗಳಿವೆ, ಲಂಬಾಣಿ ಇದೆ, ಮರಾಠಿ ಇದೆ. ಈಚಿನ ವರ್ಷಗಳಲ್ಲಿ ಕಾರ್ಖಾನೆಗಳ ಸುತ್ತ ಹಿಂದಿಯೂ ಬಂದಿದೆ. ಒಂದೇ ಮಗು ತಾಯಿಯ ಜೊತೆ ಒಂದು ಮಾತು, ಗೆಳೆಯರ ಜೊತೆ ಇನ್ನೊಂದು, ದೇವರ ಮುಂದೆ ಮತ್ತೊಂದು ಆಡುವುದು ಇಲ್ಲಿ ವಿಶೇಷವೆನಿಸುವುದಿಲ್ಲ.

ಜನ ತಮ್ಮ ಮಾತನ್ನೂ ಪಕ್ಕದವರ ಮಾತನ್ನೂ ಹೇಗೆ ಅಳೆಯುತ್ತಾರೆ, ಯಾವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಯಾವುದನ್ನು ಹೊಸಬರ ಮುಂದೆ ಅಡಗಿಸುತ್ತಾರೆ ಎಂಬುದನ್ನು ಭಾಷಾಧೋರಣೆ ಎನ್ನುತ್ತಾರೆ. ಆಡುವ ಮಾತಿಗೂ ಹೇಳಿಕೊಳ್ಳುವ ಗುರುತಿಗೂ ನಡುವೆ ಇರುವ ಅಂತರ ಈ ಮೂರು ಊರುಗಳಲ್ಲಿ ಎದ್ದು ಕಾಣುತ್ತದೆ. ಈ ಲೇಖನದ ಮುಖ್ಯ ವಿಷಯ ಆ ಅಂತರವೇ.

ಹಿನ್ನೆಲೆ

2011ರ ಜನಗಣತಿಯ ಪ್ರಕಾರ ತುಮಕೂರು ಜಿಲ್ಲೆಯ ಜನಸಂಖ್ಯೆ 26,78,980. ಕನ್ನಡದ ನಂತರ ಜಿಲ್ಲೆಯಲ್ಲಿ ಹೆಚ್ಚು ಜನ ತಾಯ್ನುಡಿ ಎಂದು ಬರೆಸಿದ್ದು ಉರ್ದು ಮತ್ತು ತೆಲುಗನ್ನು. ಇಡೀ ರಾಜ್ಯದಲ್ಲಿ ಕನ್ನಡ ತಾಯ್ನುಡಿಯವರು ನೂರಕ್ಕೆ ಸುಮಾರು 66, ಉರ್ದು ಎಂದವರು ಸುಮಾರು 11. ಜಿಲ್ಲೆಯ ಈಶಾನ್ಯ ತುದಿಯ ಪಾವಗಡಕ್ಕೆ ಬಹುಪಾಲು ದಿಕ್ಕುಗಳಲ್ಲಿ ಆಂಧ್ರವೇ ಗಡಿ. ಅಲ್ಲಿಂದ ಓದಲು, ದುಡಿಯಲು ತುಮಕೂರಿಗೆ ಬರುವವರು ತೆಲುಗನ್ನೂ ಹೊತ್ತು ತರುತ್ತಾರೆ.

ಉರ್ದು ಎಂದು ಲೆಕ್ಕಕ್ಕೆ ಬರುವ ದಖನಿ ಈ ಸೀಮೆಗೆ ಬಂದ ದಾರಿ ಶಿರಾದ್ದು. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಶಿರಾವನ್ನು ಗೆದ್ದ. ಆಮೇಲೆ ಅಲ್ಲಿ ಅಧಿಕಾರ ನಡೆಸಿದ ಮಲಿಕ್ ರಿಹಾನನ ಗೋರಿ ಇಂದಿಗೂ ಶಿರಾದ ಹೆಗ್ಗುರುತು. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಹೊಸ ಪ್ರಾಂತ್ಯದ ರಾಜಧಾನಿ ಮಾಡಿಕೊಂಡರು. 1761ರಲ್ಲಿ ಅದು ಹೈದರಾಲಿಯ ಕೈಗೆ ಬಂತು. ಈ ನೂರಿಪ್ಪತ್ತು ವರ್ಷಗಳಲ್ಲಿ ಸಿಪಾಯಿಗಳು, ಗುಮಾಸ್ತರು, ಕುಶಲಕರ್ಮಿಗಳು, ಫಕೀರರು ಇಲ್ಲೆಲ್ಲ ನೆಲೆಸಿದರು. ಅವರ ಆಡಳಿತದ ಮಾತು ಕನ್ನಡದೊಳಗೆ ಎಷ್ಟು ಆಳಕ್ಕಿಳಿಯಿತೆಂದರೆ ಅರ್ಜಿ, ಜಮೀನು, ಕಚೇರಿ, ರಶೀದಿ, ವಕೀಲ, ತಹಶೀಲ್ದಾರ್, ಬಗರ್‌ಹುಕುಂ ಎಂಬ ಪದಗಳಿಲ್ಲದೆ ಗುಬ್ಬಿಯ ರೈತನೊಬ್ಬ ತನ್ನ ಹೊಲದ ಕತೆ ಹೇಳಲಾರ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಕಾಲದ ಸೈನ್ಯದ ಕುದುರೆಗಳ ನೆಲೆಯಿಂದ ಬೆಳೆದದ್ದು. ಜೀನು, ಲಗಾಮು, ರಿಕಾಪು, ಚಾಬೂಕು ಇವೆಲ್ಲ ಅದೇ ಕಾಲದ ಕೊಡುಗೆಗಳು; ಇವು ಪರಭಾಷೆಯ ಪದಗಳೆಂದು ಇಂದು ಯಾರಿಗೂ ಅನ್ನಿಸುವುದಿಲ್ಲ.

ಗುಬ್ಬಿಯದು ವ್ಯಾಪಾರದ ಇತಿಹಾಸ. 1800ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಅದನ್ನು ದೂರದೂರದ ವರ್ತಕರು ಸೇರುವ ಪೇಟೆಯಾಗಿ ಕಂಡ. ಲಿಂಗಾಯತ ಬಣಜಿಗರು, ತೆಲುಗು ಮನೆಮಾತಿನ ಕೋಮಟಿಗಳು, ದಖನಿ ಆಡುವ ವ್ಯಾಪಾರಿಗಳು ಒಂದೇ ಸಾಲಿನಲ್ಲಿ ಅಂಗಡಿ ಇಟ್ಟ ಊರಿಗೆ ನಡುವಿನ ಮಾತೊಂದು ಬೇಕಿತ್ತು, ಅದು ಕನ್ನಡವಾಯಿತು. 1840ರ ಸುಮಾರಿಗೆ ಗುಬ್ಬಿಯಲ್ಲಿದ್ದ ವೆಸ್ಲಿಯನ್ ಪಾದ್ರಿ ವಿಲಿಯಂ ಆರ್ಥರ್ ಕೂಡ ಜನರನ್ನು ತಲುಪಲು ಕನ್ನಡವನ್ನೇ ಕಲಿತ. ಆ ಅನುಭವಗಳನ್ನು 1847ರ ತನ್ನ ಪುಸ್ತಕದಲ್ಲಿ ಬರೆದ. ಇಲ್ಲಿ ಕನ್ನಡಕ್ಕೆ ಸಿಕ್ಕ ಹಿರಿತನ ಬರೀ ಸರ್ಕಾರದ ಆಜ್ಞೆಯಿಂದ ಬಂದದ್ದಲ್ಲ. ಹಲವು ಮನೆಮಾತುಗಳವರು ಕೊಡುಕೊಳ್ಳುವಿಕೆಗೆ ಒಪ್ಪಿಕೊಂಡ ಮಾತು ಅದು ಎಂಬುದನ್ನು ಮರೆಯಬಾರದು.

ದಖನಿಯ ಒಳರಚನೆ

ತುಮಕೂರಿನ ಮಂಡಿಪೇಟೆ, ಪಿ.ಎಚ್. ಕಾಲೋನಿ, ಸದಾಶಿವನಗರ, ಗುಬ್ಬಿಯ ಮತ್ತು ಕುಣಿಗಲ್ಲಿನ ಮುಸ್ಲಿಮ್ ಮೊಹಲ್ಲಾಗಳು ಇಲ್ಲೆಲ್ಲ ಮನೆಯೊಳಗೆ ಕೇಳುವುದು ದಖನಿ. ಅದನ್ನು ಕ್ರಿಯೋಲ್ ಎಂದು ಕರೆಯಲಾಗದು. ಪೂರ್ವಜರ ಭಾಷೆ ಮುರಿದುಹೋಗಿ, ಒಡೆಯರ ಭಾಷೆಯ ಪದಗಳಿಂದ ಹೊಸದೊಂದು ನುಡಿ ಹುಟ್ಟಿದಾಗ ಅದು ಕ್ರಿಯೋಲ್. ಮಾರಿಷಸ್, ಹೈಟಿಯಂಥ ದ್ವೀಪಗಳಲ್ಲಿ ಆದದ್ದು ಅದು. ದಖನಿಯ ಮೂಲ ಎಳೆ ಎಲ್ಲೂ ಕಡಿದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಉತ್ತರದಿಂದ ಬಂದ ನುಡಿ ಮರಾಠಿ, ಕನ್ನಡ, ತೆಲುಗುಗಳ ನಡುವೆ ಆರೇಳು ನೂರು ವರ್ಷ ಬಾಳಿ, ತನ್ನ ಪದಗಳನ್ನು ಉಳಿಸಿಕೊಂಡೇ ವಾಕ್ಯದ ಕಟ್ಟನ್ನು ದಕ್ಷಿಣದ್ದನ್ನಾಗಿ ಮಾಡಿಕೊಂಡಿತು.

ಒಂದು ವಾಕ್ಯವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ತುಮಕೂರಿನ ಕನ್ನಡದಲ್ಲಿ ‘ಅವ್ನು ನಾಳೆ ಬರ್ತೀನಿ ಅಂತ ಹೇಳ್ದ’ ಎನ್ನುತ್ತೇವೆ. ದಖನಿಯಲ್ಲಿ ‘ಉನೆ ಕಲ್ ಆತೂಂ ಬೋಲ್ಕೆ ಬೋಲ್ಯಾ’. ಪದಕ್ಕೆ ಪದ, ಕ್ರಮಕ್ಕೆ ಕ್ರಮ ಸರಿಹೊಂದುತ್ತದೆ. ‘ಅಂತ’ ಇರುವಲ್ಲಿ ‘ಬೋಲ್ಕೆ’ ಇದೆ. ಪುಸ್ತಕದ ಉರ್ದುವಿನಲ್ಲಾದರೆ ‘ಉಸ್‌ನೆ ಕಹಾ ಕೆ ವೊ ಕಲ್ ಆಯೇಗಾ’. ಹೇಳಿದವನು ಮೊದಲು, ಹೇಳಿದ ಮಾತು ಆಮೇಲೆ. ‘ನಿನ್ನೆ ಬಂದ ಹುಡುಗ’ ಎಂಬುದು ದಖನಿಯಲ್ಲಿ ‘ಕಲ್ ಆಯಾ ಸೊ ಛೋರಾ’. ‘ಯಾವ ಹುಡುಗ ನಿನ್ನೆ ಬಂದನೋ ಅವನು’ ಎಂಬ ಉತ್ತರದ ಬಳಸುದಾರಿ ಇಲ್ಲ. ಕೇಳಿದ ಸುದ್ದಿಗೆ ನಾವು ‘ಬರ್ತಾರಂತೆ’ ಎಂದು ‘ಅಂತೆ’ ಸೇರಿಸಿದರೆ ಅವರು ‘ಆತೆಂ ಕತೆ’ ಎಂದು ‘ಕತೆ’ ಸೇರಿಸುತ್ತಾರೆ. ಬೇಡ ಎನ್ನಲು ಮರಾಠಿಯಿಂದ ಬಂದ ‘ನಕ್ಕೊ’. ಯಾಕೆ ಎನ್ನಲು ‘ಕೈಕು’. ಬಹುವಚನಕ್ಕೆ ಎಲ್ಲ ನಾಮಪದಗಳಿಗೂ ಒಂದೇ ಪ್ರತ್ಯಯ ಹತ್ತಿ ‘ಲೋಗಾಂ’, ‘ಬಾತಾಂ’. ಸಕರ್ಮಕ ಭೂತಕಾಲದಲ್ಲಿ ಕರ್ತೃವಿಗೆ ‘ನೆ’ ಸೇರಿಸುವ ಉತ್ತರದ ನಿಯಮವನ್ನು ದಖನಿ ಕೈಬಿಟ್ಟಿದೆ; ಕನ್ನಡದಲ್ಲೂ ಆ ಕಟ್ಟು ಇಲ್ಲ.

ಗುಬ್ಬಿಯ ದಖನಿ ಭಾಷಿಕ ಮತ್ತು ಅವನ ಪಕ್ಕದ ಮನೆಯ ಒಕ್ಕಲಿಗ ಬೇರೆ ಬೇರೆ ನಿಘಂಟುಗಳಿಂದ ಪದ ತೆಗೆದುಕೊಂಡರೂ ಯೋಚನೆಯನ್ನು ಜೋಡಿಸುವ ಕ್ರಮ ಬಹಳ ಮಟ್ಟಿಗೆ ಒಂದೇ ಎಂಬುದಕ್ಕೆ ಇಷ್ಟು ಸಾಕು. ಭಾಷೆಯ ಹೆಸರಿನಲ್ಲಿ ಇಬ್ಬರನ್ನೂ ದೂರವಿಡುವವರು ಈ ವಾಕ್ಯಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

ಇದೇ ವಿದ್ಯಮಾನವನ್ನು ಜಗತ್ತಿನ ಭಾಷಾವಿಜ್ಞಾನಕ್ಕೆ ತೋರಿಸಿಕೊಟ್ಟದ್ದೂ ಕನ್ನಡ ಆಡುವ ಒಂದು ಊರೇ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜೈನರು ಮತ್ತು ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ಉಳಿದ ಹಲವರು ಮರಾಠಿ ಆಡುತ್ತಿದ್ದರು. ತೆಲುಗಿನವರೂ ಸ್ವಲ್ಪ ಇದ್ದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ, ಆ ಊರಿನ ಕನ್ನಡ, ಮರಾಠಿ, ಉರ್ದುಗಳ ವ್ಯಾಕರಣ ಹೆಚ್ಚುಕಡಿಮೆ ಒಂದೇ ಅಚ್ಚಿಗೆ ಬಂದಿದೆ, ಬೇರೆಯಾಗಿ ಉಳಿದಿರುವುದು ಪದಗಳು ಮಾತ್ರ ಎಂದು ತೋರಿಸಿತು. ಆ ಪದಗಳು ಯಾಕೆ ಉಳಿದವು? ಮನೆಯೊಳಗೆ ತಮ್ಮ ಗುಂಪಿನವರೆಂದು ಗುರುತಿಸಿಕೊಳ್ಳಲು ಅಷ್ಟು ಬೇರೆತನ ಬೇಕಾಗಿತ್ತು. ಕುಪವಾಡದ ಬೀದಿಯಲ್ಲಿ ನಡುವಿನ ಮಾತಾಗಿದ್ದು ಮರಾಠಿ. ತುಮಕೂರಿನಲ್ಲಿ ಆ ಸ್ಥಾನ ಕನ್ನಡದ್ದು.

ತನ್ನ ಮಾತಿನ ಬಗ್ಗೆ ತನಗೇ ಇರುವ ಅಳುಕು

ದಖನಿ ಭಾಷಿಕರಲ್ಲಿ ಹೆಚ್ಚಿನವರು ತಮ್ಮ ನುಡಿಯನ್ನು ದಖನಿ ಎಂದು ಕರೆಯುವುದಿಲ್ಲ. ಮನೆಯಲ್ಲಿ ಆಡುವುದು ‘ಉರ್ದು’, ಅದೂ ‘ಟೂಟೀ ಫೂಟೀ’, ಅಂದರೆ ಮುರುಕು ಉರ್ದು. ‘ಸಾಫ್ ಉರ್ದು’ ಎಂದರೆ ಶಾಲೆಯ ಪುಸ್ತಕದ್ದು, ಶುಕ್ರವಾರದ ಪ್ರವಚನದ್ದು, ಮುಷಾಯಿರಾದ್ದು, ಬೆಂಗಳೂರಿನಿಂದ ಬರುವ ಸಾಲಾರ್ ಪತ್ರಿಕೆಯದ್ದು. ಇದು ಇಂದಿನ ಅಳುಕಲ್ಲ. ಬಿಜಾಪುರ, ಗೋಲ್ಕೊಂಡಗಳ ಆಸ್ಥಾನದಲ್ಲಿ ದಖನಿ ಸಾಹಿತ್ಯದ ಭಾಷೆಯಾಗಿತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಿತಾಬ್-ಎ-ನವ್ರಸ್ ಅದರಲ್ಲೇ ಇದೆ. ಸೂಫಿಗಳು ಹೆಂಗಸರು ಬೀಸುವಾಗ ಹಾಡಲೆಂದು ಚಕ್ಕಿನಾಮಾಗಳನ್ನು ಕಟ್ಟಿದ್ದೂ ಅದರಲ್ಲೇ. 1686ರಲ್ಲಿ ಬಿಜಾಪುರ, ಮರುವರ್ಷ ಗೋಲ್ಕೊಂಡ ಔರಂಗಜೇಬನ ಪಾಲಾದವು. ಆಶ್ರಯ ಹೋಯಿತು, ದಿಲ್ಲಿ, ಲಖನೌಗಳ ನುಡಿ ಮೇಲ್ಪಂಕ್ತಿಯಾಯಿತು. ಶಿರಾ ಮೊಗಲರ ರಾಜಧಾನಿಯಾದದ್ದೂ ಅದೇ 1687ರಲ್ಲಿ. ತುಮಕೂರು ಸೀಮೆಯಲ್ಲಿ ದಖನಿ ಭಾಷಿಕರ ನೆಲೆ ಗಟ್ಟಿಯಾಗುತ್ತಿದ್ದ ಹೊತ್ತಿಗೇ ಅವರ ಮಾತಿನ ಮಾನ ಇಳಿಯತೊಡಗಿತ್ತು.

ಆ ಮಾನ ಇನ್ನೂ ಮೇಲೇರಿಲ್ಲ. ಮಗಳಿಗೆ ಗಂಡು ನೋಡಲು ಹೈದರಾಬಾದಿನವರೋ ಉತ್ತರದವರೋ ಬಂದರೆ ಹಿರಿಯರು ನಾಲಿಗೆ ತಿದ್ದಿಕೊಂಡು ಮಾತಾಡುತ್ತಾರೆ. ‘ನಕ್ಕೊ’ ಎಂದ ಮಗುವನ್ನು ಉರ್ದು ಮೇಷ್ಟ್ರು ‘ನಹೀಂ’ ಎಂದು ತಿದ್ದುತ್ತಾರೆ. ಹೀಗೆ ಮಗು ಶಾಲೆಯಲ್ಲಿ ಮೊದಲು ಕಲಿಯುವುದು ತನ್ನ ತಾಯಿಯ ಮಾತು ತಪ್ಪು ಎಂಬುದನ್ನು. ಆದರೂ ನಗು, ಜಗಳ, ಲಾಲಿ, ಮುನಿಸು ಇವೆಲ್ಲ ದಖನಿಯಲ್ಲೇ ಉಳಿದಿವೆ. ಸಾಫ್ ಉರ್ದುವಿನಲ್ಲಿ ಬೈದರೆ ಬೈದಂತೆಯೇ ಅಲ್ಲ ಎನ್ನುವವರಿದ್ದಾರೆ. ಭಾಷಾಧೋರಣೆಯ ಅಧ್ಯಯನಗಳು ಜಗತ್ತಿನಾದ್ಯಂತ ಕಂಡುಕೊಂಡದ್ದೂ ಇದನ್ನೇ: ಮೇಲಿನ ನುಡಿಗೆ ಗೌರವ, ಕೆಳಗಿನ ನುಡಿಗೆ ಆಪ್ತತೆ. ಹಾಸ್ಯಕಾವ್ಯದಲ್ಲಿ ಮಾತ್ರ ದಖನಿಗೆ ಬಹಿರಂಗ ಮರ್ಯಾದೆ ಸಿಕ್ಕಿತು. ಕಲಬುರಗಿಯ ಸುಲೇಮಾನ್ ಖತೀಬ್ ಆ ಮಾತಿನಲ್ಲೇ ಬರೆದು ಬಡವರ ಸಂಕಟವನ್ನು ಮುಷಾಯಿರಾದ ವೇದಿಕೆಗೆ ತಂದರು.

ಉರ್ದು ಎಂದರೆ ಇಸ್ಲಾಂ ಎಂಬ ಸಮೀಕರಣವೂ ಈ ಧೋರಣೆಯ ಒಂದು ಭಾಗ. ಅದು ಪೂರ್ತಿ ನಿಜವಲ್ಲ. ಕರಾವಳಿಯ ಬ್ಯಾರಿಗಳ ಮನೆಮಾತು ಬ್ಯಾರಿ. ಪಿಂಜಾರರಲ್ಲಿ ಅನೇಕರದು ಕನ್ನಡ. ಮಂಗಳೂರಿನ ಸನ್ಮಾರ್ಗ ವಾರಪತ್ರಿಕೆ, ಶಾಂತಿ ಪ್ರಕಾಶನದ ಪುಸ್ತಕಗಳು, ಕುರಾನಿನ ಕನ್ನಡ ಅನುವಾದಗಳು ಧರ್ಮದ ಮಾತು ಕನ್ನಡದಲ್ಲೂ ನಡೆಯುತ್ತದೆ ಎಂದು ತೋರಿಸಿವೆ. ಉರ್ದು ಲಿಪಿ ಓದಲು ಬಾರದ ತುಮಕೂರಿನ ಯುವಕರಿಗೆ ಇಂಥ ಕನ್ನಡ ಓದು ಹತ್ತಿರದ್ದಾಗುತ್ತಿದೆ. ಇತ್ತ ಬಯಲುಸೀಮೆಯ ಹಳ್ಳಿಗಳಲ್ಲಿ ಮೊಹರಂ ‘ಬಾಬಯ್ಯನ ಹಬ್ಬ’ವಾಗಿ ಕನ್ನಡದ ಹಾಡುಗಳೊಂದಿಗೆ ನಡೆಯುತ್ತ ಬಂದಿದೆ, ಕೆಂಡ ಹಾಯುವವರಲ್ಲಿ, ಹರಕೆ ತೀರಿಸುವವರಲ್ಲಿ ಹಿಂದೂಗಳೇ ಹೆಚ್ಚಿರುವ ಊರುಗಳೂ ಇವೆ.

ಕನ್ನಡ ಮನೆಮಾತಿನವರ ನೋಟ

ದಖನಿಯ ಬಗ್ಗೆ ಕನ್ನಡ ಮನೆಮಾತಿನವರ ಧೋರಣೆ ಎರಡು ಬಗೆಯದು. ಪೇಟೆಯಲ್ಲಿ ಅದು ಸಲೀಸು. ತುಮಕೂರಿನ ಹುಣಸೆಹಣ್ಣಿನ ಮಾರುಕಟ್ಟೆಯಲ್ಲಿ, ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಲ್ಲಿ ಹಮಾಲಿಗಳು, ದಲ್ಲಾಳಿಗಳು, ಹಣ್ಣು ಬಿಡಿಸುವ ಹೆಂಗಸರು ಮೂರು ನಾಲ್ಕು ಭಾಷೆಗಳ ನಡುವೆ ಉಸಿರು ತಿರುಗಿಸುವಷ್ಟರಲ್ಲಿ ದಾಟುತ್ತಾರೆ. ಗುಬ್ಬಿ ಗೇಟಿನ ಬಳಿಯ ಹಣ್ಣಿನ ಗಾಡಿಯವನು ಗಿರಾಕಿಗೆ ‘ಬನ್ನಿ ಅಣ್ಣ, ಸಿಹಿ ಐತೆ’ ಎಂದು, ಪಕ್ಕದ ಗಾಡಿಯ ತಮ್ಮನಿಗೆ ‘ಚಿಲ್ಲರ್ ದೇ ರೇ’ ಎಂದು, ಮತ್ತೆ ಗಿರಾಕಿಗೆ ‘ತಗೊಳ್ಳಿ’ ಎನ್ನುತ್ತಾನೆ. ಅವನ ಕನ್ನಡ ಅಪ್ಪಟ ತುಮಕೂರಿನ ಕನ್ನಡ. ‘ಐತೆ’, ‘ಬತ್ತೀನಿ’, ‘ಅದ್ಕೇಯ’ ಎಲ್ಲ ಅದರಲ್ಲಿವೆ.

ಆದರೆ ರಂಗಭೂಮಿಯಲ್ಲಿ, ಸಿನಿಮಾದಲ್ಲಿ, ಕಾಲೇಜಿನ ವಾರ್ಷಿಕೋತ್ಸವದ ನಗೆನಾಟಕದಲ್ಲಿ ಕಾಣುವ ‘ಸಾಬರ ಕನ್ನಡ’ ಬೇರೆಯೇ. ‘ನಮ್ದೂಕೆ’, ‘ನಿಮ್ದೂಕೆ’ ಎಂದು ಪ್ರತಿ ಪದಕ್ಕೂ ಬಾಲ ಹಚ್ಚಿ, ಲಿಂಗ ವಚನ ಕೆಡಿಸಿ ಆಡಿಸುವ ಆ ಮಾತು ದಶಕಗಳಿಂದ ಜನರನ್ನು ನಗಿಸಿದೆ. ಅದರಿಂದ ಆದ ನೋವು ದೊಡ್ಡದು. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಗೂ ‘ನೀನು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಲ್ಲ!’ ಎಂಬ ಮೆಚ್ಚುಗೆ ಬರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು, ಆದರೂ ಕೇಳಿದವಳಿಗೆ ತಾನು ಇಲ್ಲಿ ಅತಿಥಿ ಎಂಬ ಭಾವ ಬರುತ್ತದೆ. ಮೂರು ನೂರು ವರ್ಷದಿಂದ ಇಲ್ಲೇ ಇರುವ ಮನೆತನದವಳು ಅವಳು.

ರಾಜ್ಯಮಟ್ಟದ ಘಟನೆಗಳೂ ಈ ಊರುಗಳ ಮನಸ್ಸನ್ನು ತಟ್ಟಿವೆ. 1982ರ ಗೋಕಾಕ್ ಚಳವಳಿ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಕೇಳಿದಾಗ ಭಾಷಾ ಅಲ್ಪಸಂಖ್ಯಾತರಲ್ಲಿ ಆತಂಕ ಹುಟ್ಟಿತು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಆರಂಭಿಸಿದ್ದೇ ನೆಪವಾಗಿ ಗಲಭೆಯಾಗಿ ಹಲವರು ಪ್ರಾಣ ಕಳೆದುಕೊಂಡರು. ಕೆಲವು ನಿಮಿಷಗಳ ವಾರ್ತೆಗೆ ಮನುಷ್ಯರು ಸತ್ತರೆಂಬುದು ಕನ್ನಡ ಚಳವಳಿಯ ಇತಿಹಾಸದ ಅತ್ಯಂತ ದುಃಖದ ಪುಟ. 2025ರಲ್ಲಿ ಕನ್ನಡದ ಕತೆಗಾರ್ತಿ ಬಾನು ಮುಷ್ತಾಕ್ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಕನ್ನಡವನ್ನು ಭುವನೇಶ್ವರಿಯಾಗಿ ಪೂಜಿಸುವ ಬಗ್ಗೆ ಅವರು ಹಿಂದೆ ಆಡಿದ ಮಾತನ್ನು ಮುಂದಿಟ್ಟು ವಿರೋಧ ಎದ್ದಿತು. ನ್ಯಾಯಾಲಯಗಳು ಅರ್ಜಿಗಳನ್ನು ತಳ್ಳಿಹಾಕಿದವು, ಅವರೇ ಉದ್ಘಾಟಿಸಿದರು. ಭಾಷೆಯನ್ನು ತಾಯಿಯೆನ್ನುವುದು, ದೇವಿಯೆನ್ನುವುದು, ಬದುಕಿನ ಮಾತೆನ್ನುವುದು ಇವು ಮೂರೂ ಪ್ರೀತಿಯ ಬಗೆಗಳೇ ಎಂದು ಒಪ್ಪಿಕೊಳ್ಳುವುದು ಇನ್ನೂ ಪೂರ್ತಿಯಾಗಿ ಸಾಧ್ಯವಾಗಿಲ್ಲ.

ತೆಲುಗು, ತಮಿಳು, ಲಂಬಾಣಿ ಮನೆಗಳು

ತೆಲುಗು ಮನೆಮಾತಿನವರ ಕತೆ ಇಷ್ಟು ಬಿಗುವಿನದಲ್ಲ. ಕೋಮಟಿಗಳು, ಬಲಿಜರು, ಭೋವಿಗಳು, ಪಾವಗಡ ಮಧುಗಿರಿ ಕಡೆಯ ಮಾದಿಗ ಕುಟುಂಬಗಳಲ್ಲಿ ಅನೇಕರು ಮನೆಯಲ್ಲಿ ತೆಲುಗು ಆಡುತ್ತಾರೆ. ಓದು ಬರಹ, ಲೆಕ್ಕಪತ್ರ, ಭಜನೆ ಎಲ್ಲ ಕನ್ನಡ. ಅವರ ತೆಲುಗನ್ನು ಆಂಧ್ರದವರು ಕೇಳಿದರೆ ಕನ್ನಡ ಸೇರಿದೆ ಎನ್ನುತ್ತಾರೆ. ಜಾತಿ ಮತ್ತು ನುಡಿಯ ಸಂಬಂಧ ಇಲ್ಲಿ ಸರಳವಲ್ಲ: ಗೊಲ್ಲರಲ್ಲೇ ಊರುಗೊಲ್ಲರಲ್ಲಿ ತೆಲುಗು ಮಾತಿನವರಿದ್ದರೆ, ಶಿರಾ, ಗುಬ್ಬಿ, ಚಿಕ್ಕನಾಯಕನಹಳ್ಳಿಗಳ ಹಟ್ಟಿಗಳಲ್ಲಿರುವ ಕಾಡುಗೊಲ್ಲರು ಕನ್ನಡದವರು. ತಾವು ಬೇರೆಯೇ ಸಮುದಾಯವೆಂದು ವಾದಿಸುವಾಗ ಕಾಡುಗೊಲ್ಲರು ಹಟ್ಟಿಯ ಆಚರಣೆಗಳ ಜೊತೆಗೆ ತಮ್ಮ ಕನ್ನಡವನ್ನೂ, ಜುಂಜಪ್ಪನ ಕನ್ನಡ ಕಾವ್ಯವನ್ನೂ ಮುಂದಿಡುತ್ತಾರೆ. ಇಲ್ಲಿ ಕನ್ನಡವೇ ಒಂದು ಸಣ್ಣ ಸಮುದಾಯದ ಪ್ರತ್ಯೇಕ ಗುರುತಾಗಿ ನಿಂತಿದೆ.

ತಿಗಳರದು ಇದಕ್ಕೆ ವಿರುದ್ಧವಾದ ಸ್ಥಿತಿ. ತಿಗಳ ಎಂದರೆ ಹಳೆಯ ಮೈಸೂರಿನ ಕನ್ನಡದಲ್ಲಿ ತಮಿಳ. ತೋಟಗಾರಿಕೆಯಲ್ಲಿ ಹೆಸರಾದ ಈ ಸಮುದಾಯ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ದೊಡ್ಡ ಸಂಖ್ಯೆಯಲ್ಲಿದೆ. ಮನೆಮಾತು ಬಹುತೇಕ ಕನ್ನಡವೇ ಆಗಿದೆ. ಹೆಸರು ಹಳೆಯ ವಲಸೆಯನ್ನು ನೆನಪಿಸುತ್ತಲೇ ಇದೆ, ಮಾತು ಇಲ್ಲಿನದಾಗಿ ತಲೆಮಾರುಗಳಾಗಿವೆ. ದ್ರೌಪದಿಯ ಕರಗ ಅವರ ಗುರುತನ್ನು ಹೊರುವ ಆಚರಣೆ. ಗುರುತಿಗೆ ಭಾಷೆಯೇ ಬೇಕೆಂದಿಲ್ಲ ಎಂಬುದಕ್ಕೆ ತಿಗಳರಿಗಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿಲ್ಲ.

ಗುಬ್ಬಿ ತಾಲ್ಲೂಕಿನ ಕಡಬ ಶ್ರೀವೈಷ್ಣವರ ಹಳೆಯ ನೆಲೆ. ಹೆಬ್ಬಾರ್ ಅಯ್ಯಂಗಾರರ ಮನೆಯ ತಮಿಳು ಕನ್ನಡದ ಪದ, ಕನ್ನಡದ ರಾಗ ತುಂಬಿಕೊಂಡ ನುಡಿ. ಚೆನ್ನೈನವರಿಗೆ ಅದು ಅರ್ಧ ಕನ್ನಡದಂತೆ ಕೇಳುತ್ತದೆ. ಆದರೆ ಈ ಮನೆಗಳವರ ಕನ್ನಡತನವನ್ನು ಯಾರೂ ಪ್ರಶ್ನಿಸಿಲ್ಲ. ತಮಿಳು ಮನೆಮಾತಿನ ಮಾಸ್ತಿ, ಪು.ತಿ. ನರಸಿಂಹಾಚಾರ್, ಜಿ.ಪಿ. ರಾಜರತ್ನಂ, ಮರಾಠಿ ಮನೆಮಾತಿನ ಬೇಂದ್ರೆ ಕನ್ನಡದ ದೊಡ್ಡ ಲೇಖಕರೆಂದು ಯಾರಿಗೂ ಅನುಮಾನವಿಲ್ಲ. ಅದೇ ಸಲೀಸು ಉರ್ದು ಮನೆಮಾತಿನ ಕೆ.ಎಸ್. ನಿಸಾರ್ ಅಹಮದ್ ಅವರಿಗೆ ಅವರ ಜೀವಮಾನದಲ್ಲೇ ಸಿಕ್ಕಿತು. ನಾಡಹಬ್ಬಗಳಲ್ಲಿ ಎಲ್ಲರೂ ಹಾಡುವ ಗೀತೆಯ ಕವಿ ಅವರು, 2006ರ ಶಿವಮೊಗ್ಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮೇಷ್ಟ್ರಿಗೆ, ಕವಿಗೆ ಸಿಕ್ಕ ಈ ಒಪ್ಪಿಗೆ ಗುಜರಿ ಅಂಗಡಿಯವನಿಗೂ, ಬೀಡಿ ಕಟ್ಟುವವಳಿಗೂ ಸಿಗಬೇಕು.

ಲಂಬಾಣಿ ತಾಂಡಾಗಳ ಮಕ್ಕಳು ಮನೆಯಲ್ಲಿ ಗೋರ್‌ಬೋಲಿ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಹಾಸ್ಟೆಲಿಗೆ ಬಂದ ಮೇಲೆ ಮನೆಮಾತನ್ನು ಗೆಳೆಯರ ಮುಂದೆ ಆಡದಿರುವುದು ಸಾಮಾನ್ಯ.

ಮಾರಿಷಸ್ ಜೊತೆ ಒಂದು ಹೋಲಿಕೆ

ಆಡುವ ಮಾತು ಒಂದು, ಬರೆಸುವ ಹೆಸರು ಇನ್ನೊಂದು ಎಂಬ ಸ್ಥಿತಿಗೆ ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪ ಹೆಸರಾದದ್ದು. ಕಬ್ಬಿನ ತೋಟಗಳಿಗೆ ಹೋದ ಭಾರತೀಯರ ಮೊಮ್ಮಕ್ಕಳು ಅಲ್ಲಿ ಮನೆಯಲ್ಲಿ ಆಡುವುದು ಕ್ರಿಯೋಲ್; 2011ರ ಗಣತಿಯಲ್ಲಿ ಇಡೀ ದೇಶದ ನೂರಕ್ಕೆ ಸುಮಾರು 84 ಮಂದಿ ಹಾಗೆಂದರು. ಆದರೆ ಆ ದೇಶದ ಗಣತಿ ‘ಪೂರ್ವಜರ ಭಾಷೆ’ಯನ್ನೂ ಕೇಳುತ್ತ ಬಂದಿತ್ತು. ಅಲ್ಲಿ ಜನ ಹಿಂದಿ, ತಮಿಳು, ತೆಲುಗು, ಮರಾಠಿ, ಉರ್ದು ಎಂದರು. 1983ರ ಗಣತಿಯಲ್ಲಿ ಬಹಳಷ್ಟು ಮುಸ್ಲಿಮರು ತಮ್ಮ ಪೂರ್ವಜರು ಎಂದೂ ಆಡಿರದ ಅರಬ್ಬಿಯನ್ನೇ ಬರೆಸಿದರು. ಭಾಷೆಯ ಕಾಲಂ ಅಲ್ಲಿ ಧರ್ಮದ ಕಾಲಂ ಆಗಿಬಿಟ್ಟಿತ್ತು. ಎಲ್ಲರ ಮಾತಾದ ಕ್ರಿಯೋಲ್ ಬಹುಕಾಲ ಶಾಲೆಯ ಹೊರಗೇ ನಿಂತಿತ್ತು. ಐಚ್ಛಿಕ ವಿಷಯವಾಗಿ ಪ್ರಾಥಮಿಕ ಶಾಲೆಗೆ ಅದು ಬಂದದ್ದು 2012ರಲ್ಲಿ.

ನಮ್ಮ ಗಣತಿಯಲ್ಲೂ ದಖನಿ ಉರ್ದುವಿನೊಳಗೆ ಕರಗುತ್ತದೆ, ಲಂಬಾಣಿ ಹಿಂದಿಯ ಕೆಳಗೆ ಸೇರುತ್ತದೆ. ಗ್ರಿಯರ್ಸನ್ನನ ಭಾರತೀಯ ಭಾಷಾ ಸಮೀಕ್ಷೆ ಮೈಸೂರು ಸಂಸ್ಥಾನವನ್ನು ಬಿಟ್ಟೇ ನಡೆದದ್ದರಿಂದ ಈ ಸೀಮೆಯ ನುಡಿಗಳ ಮಾದರಿಗಳು ಅದರಲ್ಲೂ ಸೇರಲಿಲ್ಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆಗಳಿಗೆ ರಾಜ್ಯದಲ್ಲಿ ಅಕಾಡೆಮಿಗಳಿವೆ, ಉರ್ದುವಿಗೂ ಇದೆ. ದಖನಿ ಮನೆಯ ಹಾಡು, ಗಾದೆ, ಒಗಟುಗಳನ್ನು ಉರ್ದುವಿನ ಹೆಸರಿನಡಿ ಹುದುಗಿಸದೆ ಅವುಗಳದೇ ಹೆಸರಲ್ಲಿ ಸಂಗ್ರಹಿಸುವುದು ಕನ್ನಡದ ವಿಶ್ವವಿದ್ಯಾಲಯಗಳ ಕೆಲಸ ಎಂದು ಈ ಲೇಖಕ ಭಾವಿಸುತ್ತಾನೆ. ಕನ್ನಡದ ವ್ಯಾಕರಣವನ್ನು ಮೈಯೊಳಗೆ ಇಟ್ಟುಕೊಂಡ ನುಡಿ ಅದು.

ಶಾಲೆಯ ಆಯ್ಕೆ

ಧೋರಣೆ ನಿರ್ಧಾರವಾಗಿ ಬದಲಾಗುವುದು ಮಗುವನ್ನು ಶಾಲೆಗೆ ಸೇರಿಸುವ ದಿನ. ಸರ್ಕಾರಿ ಉರ್ದು ಶಾಲೆ ಗುರುತನ್ನು ಉಳಿಸುತ್ತದೆ, ಕನ್ನಡ ಶಾಲೆ ಊರಿನ ಬದುಕಿಗೆ ಒದಗುತ್ತದೆ, ಇಂಗ್ಲಿಷ್ ಶಾಲೆ ಕೆಲಸ ಕೊಡಿಸುತ್ತದೆ ಎಂಬ ಲೆಕ್ಕ ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಕೈಲಾದವರು ಇಂಗ್ಲಿಷ್ ಆರಿಸುತ್ತಾರೆ, ಕನ್ನಡ ಮನೆಮಾತಿನವರೂ ಅಷ್ಟೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ, ಮಗುವಿನ ತಾಯ್ನುಡಿ ಯಾವುದೆಂದು ಹೇಳುವವರು ತಂದೆ ತಾಯಿಯೇ, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. 2015ರ ಕನ್ನಡ ಕಲಿಕಾ ಕಾಯ್ದೆ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ಮೌಲಾನಾ ಆಜಾದ್ ಮಾದರಿ ಶಾಲೆಗಳು ಅಲ್ಪಸಂಖ್ಯಾತರ ಮಕ್ಕಳಿಗೆ ಇಂಗ್ಲಿಷ್ ಮಾಧ್ಯಮ ತಂದವು. ಇದೆಲ್ಲದರ ನಡುವೆ ದಖನಿ ಮನೆಯ ಮಗು ಉರ್ದು ಅಕ್ಷರವನ್ನು ಮದರಸಾದಲ್ಲಿ ಒಂದಿಷ್ಟು ಕಲಿತು ಬಿಡುತ್ತದೆ. ಕನ್ನಡದ ಅಕ್ಷರ ಗಟ್ಟಿಯಾಗುತ್ತದೆ.

ಬಾನು ಮುಷ್ತಾಕ್ ಅವರನ್ನು ತಂದೆ ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಿದ್ದರಿಂದ ಕನ್ನಡಕ್ಕೊಬ್ಬ ಕತೆಗಾರ್ತಿ ಸಿಕ್ಕರು. 2025ರಲ್ಲಿ ದೀಪಾ ಭಾಸ್ತಿ ಅವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬೂಕರ್ ಪಡೆದ ಆ ಕತೆಗಳಲ್ಲಿ ಪಾತ್ರಗಳು ಯೋಚಿಸುವುದು ದಖನಿಯಲ್ಲಿ, ಕತೆ ಹೇಳುವುದು ಕನ್ನಡದಲ್ಲಿ. ಅನುವಾದಕಿಯೂ ಆ ಎರಡರ ಪದಗಳನ್ನು ಹಾಗೇ ಉಳಿಸಿದರು.

ಸಾಹಿತ್ಯ ಮತ್ತು ರಂಗದಲ್ಲಿ

ಯು.ಆರ್. ಅನಂತಮೂರ್ತಿ ಭಾರತದ ಬಹುಭಾಷಿಕತೆಯನ್ನು ಮನೆಯ ಮಾತು, ಬೀದಿಯ ಮಾತು, ಅಟ್ಟದ ಮಾತು ಎಂದು ವಿವರಿಸುತ್ತಿದ್ದರು. 2002ರಲ್ಲಿ ತುಮಕೂರಿನಲ್ಲಿ ನಡೆದ 69ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರೂ ಅವರೇ. ಆ ವಿಂಗಡಣೆ ಈ ಊರಿಗೆ ಹೊಂದುತ್ತದೆ. ಒಂದು ತಿದ್ದುಪಡಿ ಮಾತ್ರ ಬೇಕು. ಅಟ್ಟದ ಮೇಲೆ ಇಲ್ಲಿ ಒಂದೇ ಮಾತಿಲ್ಲ: ಸಿದ್ಧಗಂಗಾ ಮಠದ ಪಾಠಶಾಲೆಯಲ್ಲಿ ಸಂಸ್ಕೃತ, ಮಸೀದಿಯಲ್ಲಿ ಅರಬ್ಬಿ ಮತ್ತು ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್. ಬೀದಿಯ ಕನ್ನಡವೊಂದೇ ಇವರೆಲ್ಲರನ್ನೂ ಒಂದೆಡೆ ತರುತ್ತದೆ.

ಅದನ್ನು ದೊಡ್ಡದಾಗಿ ಮಾಡಿ ತೋರಿಸಿದ್ದು ಗುಬ್ಬಿ ಕಂಪನಿ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕೈಯಲ್ಲಿ ದಕ್ಷಿಣ ಭಾರತದ ಹೆಸರಾಂತ ಕಂಪನಿಯಾಯಿತು. ಪಾರಸಿ ರಂಗಭೂಮಿಯ ಮಟ್ಟುಗಳು, ಕರ್ನಾಟಕ ಸಂಗೀತ, ಗುಬ್ಬಿ ಸೀಮೆಯ ಆಡುಮಾತಿನ ಹಾಸ್ಯ ಒಂದೇ ನಾಟಕದೊಳಗೆ ಕೂಡಿದವು. ಮನೆಮಾತು ಯಾವುದೇ ಇರಲಿ, ಕಂಪನಿಗೆ ಸೇರಿದ ನಟ ಕನ್ನಡದ ನಟನಾಗುತ್ತಿದ್ದ; ದಕ್ಷಿಣ ಕನ್ನಡದ ಮಂಚಿಯಿಂದ ಹುಡುಗನಾಗಿ ಬಂದ ಬಿ.ವಿ. ಕಾರಂತರು ಬೆಳೆದದ್ದೂ ಈ ಕಂಪನಿಯಲ್ಲೇ.

ಈಗಿನ ಬದಲಾವಣೆ

ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಹೆದ್ದಾರಿಯ ಗೋದಾಮುಗಳು ಉತ್ತರ ಮತ್ತು ಪೂರ್ವ ಭಾರತದ ಕೆಲಸಗಾರರನ್ನು ಕರೆತರುತ್ತಿವೆ. ಅವರೊಡನೆ ವ್ಯವಹರಿಸುವಾಗ ದಖನಿ ಬಲ್ಲ ಸ್ಥಳೀಯರು ತಾನಾಗಿ ದುಭಾಷಿಗಳಾಗುತ್ತಾರೆ. ಮುರುಕು ಎಂದುಕೊಂಡಿದ್ದ ಮಾತಿಗೆ ಕೂಲಿಯ ಬೆಲೆ ಬಂದಿದೆ. ಅದೇ ವೇಳೆ ಟಿ.ವಿ. ಮತ್ತು ಮೊಬೈಲಿನ ಹಿಂದಿ ದಖನಿಯ ‘ಸೊ’, ‘ಕತೆ’, ‘ಬೋಲ್ಕೆ’ಗಳನ್ನು ಕಿರಿಯರ ಬಾಯಿಂದ ಸವೆಸುತ್ತಿದೆ.

ಹಾಗೆಂದು ಅದು ಮರೆಗೆ ಸರಿಯುತ್ತಿದೆ ಎನ್ನಲಾಗದು. ಬೆಂಗಳೂರಿನ ಪಾಷಾ ಭಾಯ್ ದಖನಿಯಲ್ಲೇ ರ‍್ಯಾಪ್ ಹಾಡಿ ಕೇಳುಗರನ್ನು ಗಳಿಸಿದ್ದಾರೆ. ಹೈದರಾಬಾದಿನ ದಖನಿ ಹಾಸ್ಯಚಿತ್ರಗಳು ಎರಡು ದಶಕಗಳಿಂದ ಇಲ್ಲಿನ ಮೊಹಲ್ಲಾಗಳಲ್ಲಿ ಓಡುತ್ತಿವೆ. ‘ಹೌ’, ‘ನಕ್ಕೊ’ ಈಗ ಕಿರಿಯರು ಮುಚ್ಚಿಡುವ ಪದಗಳಲ್ಲ. ವಾಟ್ಸಾಪಿನಲ್ಲಿ ಅವರು ದಖನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದವರು ಕನ್ನಡ ಅಕ್ಷರದಲ್ಲೂ ಬರೆಯುತ್ತಾರೆ. ಹ್ರಸ್ವ ದೀರ್ಘ, ಅಲ್ಪಪ್ರಾಣ ಮಹಾಪ್ರಾಣ, ಅನುಸ್ವಾರ ಎಲ್ಲಕ್ಕೂ ಗುರುತಿರುವ ಕನ್ನಡ ಲಿಪಿ ಆ ನುಡಿಗೆ ಒಗ್ಗುತ್ತದೆ. ‘ಕೈಕು’ ಎಂಬುದನ್ನು ಅದರಲ್ಲಿ ಬರೆದರೆ ಓದುವವರು ತಪ್ಪುವುದಿಲ್ಲ.